ಗದ್ದಿಗೆ ಮತ್ತು ಸೀಟು

ಸೀಟು ಎಂದೊಡನೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಬಸ್ಸು. ಕಿಟಕಿಯಿಂದ ಟವೆಲ್ ಎಸೆದು ಹಿಡಿಯುವಂಥದ್ದು ಸೀಟು. ಆಮೇಲೆ ಮೆಡಿಕಲ್ ಸೀಟು, ಎಂ.ಎಲ್.ಎ. ಸೀಟು. ಮೂರಕ್ಕೂ ನೂಕುನುಗ್ಗಲು, ಸಿಕ್ಕವರು ಮಾತ್ರ ಅಲುಗಾಡದೆ ಕೂತುಬಿಡುತ್ತಾರೆ. ಮಡಿಕೇರಿಯಲ್ಲಿ ಕಣಿವೆಯ ಅಂಚಿನ ಪಾರ್ಕಾದ ರಾಜಾಸೀಟಿಗೂ ನೂಕುನುಗ್ಗಲಿಗೆ ಕೊರತೆಯಿಲ್ಲ. ಆದರೆ ಅಲ್ಲಿಗೆ ಹೋದವರಲ್ಲಿ ಕೂರುವವರೇ ಕಡಿಮೆ. ಬರುತ್ತಾರೆ, ಕಂಬಿಗೆ ಒರಗುತ್ತಾರೆ, ಕಣಿವೆಗೆ ಬೆನ್ನು ಹಾಕಿ ಮೊಬೈಲಿಗೆ ಮುಖ ಕೊಡುತ್ತಾರೆ, ಜೋಳ ತಿಂದು ಹೊರಡುತ್ತಾರೆ. ಹೆಸರಿನಲ್ಲೇ ಕೂರುವ ಸಲಹೆ ಇರುವ ಜಾಗ ಇಡೀ ಕರ್ನಾಟಕದಲ್ಲಿ ಇದೊಂದೇ ಇದ್ದೀತು. ಆ ಸಲಹೆಯನ್ನು ಇಷ್ಟು ಮಂದಿ ತಳ್ಳಿಹಾಕುವ ಜಾಗವೂ ಇದೇ.

ಹೆಸರನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೊದಲರ್ಧ ನಮ್ಮದು, ಎರಡನೆಯರ್ಧ ಇಂಗ್ಲಿಷರದು. ಕೊಡಗನ್ನು ಆಳಿದ ಹಾಲೇರಿ ಅರಸರು, ಅವರನ್ನು ಇಳಿಸಿದ ಈಸ್ಟ್ ಇಂಡಿಯಾ ಕಂಪನಿಯವರು, ಇಬ್ಬರೂ ಒಂದೇ ಪದದಲ್ಲಿ ಮೈಗೆ ಮೈ ತಾಗಿಸಿ ನಿಂತಿದ್ದಾರೆ. ಟಿಪ್ಪುವಿನ ವಿರುದ್ಧ ದೊಡ್ಡ ವೀರರಾಜೇಂದ್ರ ಕಂಪನಿಯೊಡನೆ 1790ರಲ್ಲಿ ಸಂಧಿ ಮಾಡಿಕೊಂಡ. ಶಾಲೆಯಲ್ಲಿ ಕನ್ನಡ ವ್ಯಾಕರಣ ಓದಿದವರಿಗೆ ಮುಂದಿನ ಕತೆಯನ್ನು ಹೇಳಬೇಕಾಗಿಲ್ಲ: ಮೊದಲು ಆಗಮ, ಆಮೇಲೆ ಆದೇಶ, ಕೊನೆಗೆ ಲೋಪ. 1834ರ ಏಪ್ರಿಲಿನಲ್ಲಿ ಕಂಪನಿಯ ಪಡೆ ಮಡಿಕೇರಿ ಕೋಟೆಯನ್ನು ಹಿಡಿಯಿತು. ರಾಜ ಹೋದ, ಸೀಟು ಉಳಿಯಿತು.

ಅಚ್ಚಕನ್ನಡದಲ್ಲಿ ಇದನ್ನು ರಾಜರ ಗದ್ದಿಗೆ ಎನ್ನಬಹುದಿತ್ತಲ್ಲ ಎಂದು ಭಾಷಾಭಿಮಾನಿಗಳಿಗೆ ಅನಿಸಬಹುದು. ಮಡಿಕೇರಿಯಲ್ಲಿ ಹಾಗೆ ಹೇಳಿ ಆಟೋ ಹತ್ತಿದರೆ ಊರಿನ ಇನ್ನೊಂದು ಮಗ್ಗುಲಿಗೆ, ಮಹದೇವಪೇಟೆಯ ಆಚೆಗೆ ಒಯ್ದು ಇಳಿಸುತ್ತಾರೆ. ಅಲ್ಲಿರುವುದು ಅರಸರ ಸಮಾಧಿ. ವೀರಶೈವ ರೂಢಿಯಲ್ಲಿ ಗದ್ದಿಗೆ ಎಂದರೆ ಸಿಂಹಾಸನವೂ ಹೌದು, ಸಮಾಧಿಯೂ ಹೌದು. ಮಡಿಕೇರಿ ಎರಡನೆಯ ಅರ್ಥವನ್ನು ಗಟ್ಟಿ ಮಾಡಿಕೊಂಡಿದೆ. ದೊಡ್ಡ ವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿ ಅಲ್ಲಿ ಗುಮ್ಮಟದ ಕೆಳಗೆ ಇದ್ದಾರೆ. ಪಕ್ಕದಲ್ಲಿ ಲಿಂಗರಾಜೇಂದ್ರನ ಗದ್ದಿಗೆ. ಅದನ್ನು 1820ರಲ್ಲಿ ಕಟ್ಟಿಸಿದವನು ಮಗ ಚಿಕ್ಕ ವೀರರಾಜೇಂದ್ರ. ಅಪ್ಪನಿಗೆ ಗದ್ದಿಗೆ ಕಟ್ಟಿಸಿದ ಈ ಮಗನೇ ಕೊನೆಯ ಅರಸ. ಪದಚ್ಯುತನಾಗಿ ಕಾಶಿ ಸೇರಿದ, 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ, ಕಂಪನಿಯಲ್ಲಿ ಸಿಕ್ಕಿಕೊಂಡ ತನ್ನ ಹಣಕ್ಕಾಗಿ ಅಲ್ಲಿ ದಾವೆ ಹೂಡಿದ, 1859ರಲ್ಲಿ ಅಲ್ಲೇ ತೀರಿಕೊಂಡ. ಮಡಿಕೇರಿಯ ಮಟ್ಟಿಗೆ ಅವನಿಗೆ ಸೀಟೂ ಇಲ್ಲ, ಗದ್ದಿಗೆಯೂ ಇಲ್ಲ.

ಇಷ್ಟೆಲ್ಲ ಭಾರ ಹೊತ್ತ ರಾಜಾಸೀಟ್ ಎಂಬ ಹೆಸರಿಗೆ ಎದುರಿಗಿರುವ ಕಟ್ಟಡ ಸಾಲದು ಎಂದು ಮೊದಲ ಸಲ ನೋಡಿದವರ ಮುಖವೇ ಹೇಳುತ್ತದೆ. ಅರಮನೆಯ ತುಣುಕೋ ಚಿನ್ನದ ಪೀಠವೋ ಎಂದುಕೊಂಡು ಬಂದವರಿಗೆ ಸಿಗುವುದು ಇಟ್ಟಿಗೆ ಗಾರೆಯ ಪುಟ್ಟ ಮಂಟಪ: ನಾಲ್ಕು ಕಂಬ, ಕಂಬದಿಂದ ಕಂಬಕ್ಕೆ ಕಮಾನು, ಮೇಲೊಂದು ಮಾಡು, ಅಷ್ಟೆ. ಕೋಟೆಯೊಳಗೆ ಲಿಂಗರಾಜೇಂದ್ರ 1812ರಿಂದ 1814ರವರೆಗೆ ಕಟ್ಟಿಸಿದ ಅರಮನೆಯನ್ನು, ಅದರ ಅಂಗಳದ ಆಳೆತ್ತರ ಮೀರಿದ ಗಾರೆ ಆನೆಗಳನ್ನು ನೋಡಿ ಬಂದವರಿಗಂತೂ ಇದು ಕಾವಲುಗಾರನ ಚೌಕಿಯಂತೆ ಕಂಡೀತು. ಆದರೆ ಮಂಟಪದ ಗುಣವಿರುವುದು ಈ ಬಡತನದಲ್ಲೇ. ಗೋಡೆಯಿಲ್ಲದ್ದರಿಂದ ಅದಕ್ಕೆ ಒಳಗು ಎಂಬುದಿಲ್ಲ. ಕೆಲವು ಹೆಜ್ಜೆ ಹಿಂದೆ ಸರಿದು ನಿಂತರೆ ಕಮಾನು ಕಣಿವೆಗೆ ಚೌಕಟ್ಟಾಗುತ್ತದೆ. ಎರಡು ಹೆಜ್ಜೆ ಮುಂದೆ ಹೋದರೆ ಚೌಕಟ್ಟು ಮಾಯವಾಗಿ ಕಣಿವೆಯೊಂದೇ ಉಳಿಯುತ್ತದೆ. ಇಟ್ಟಿಗೆಗೆ ಒತ್ತಡ ತಡೆಯುವ ಶಕ್ತಿ ಇದೆ, ಬಾಗುವ ಶಕ್ತಿ ಇಲ್ಲ. ಆದ್ದರಿಂದಲೇ ಕಂಬದ ನಡುವೆ ಇಟ್ಟಿಗೆಯ ತೊಲೆ ಹಾಯಿಸದೆ ಕಮಾನು ಬಳಸುವುದು. ಭಾರ ನೇರವಾಗಿ ಕೆಳಗೆ ಬೀಳದೆ ಬಾಗಿ ಬಳಸಿ ಕಂಬಕ್ಕೆ ಇಳಿಯುತ್ತದೆ. ಹಾಗೆ ಇಳಿಯುವಾಗ ಕಂಬವನ್ನು ಸ್ವಲ್ಪ ಹೊರಕ್ಕೂ ತಳ್ಳುತ್ತದೆ. ಹಳೆಯ ಮಂಟಪಗಳ ಕಂಬ ನೋಡುವುದಕ್ಕೆ ಅನಗತ್ಯವಾಗಿ ದಪ್ಪ ಅನಿಸುವುದು ಈ ತಳ್ಳಾಟ ತಡೆಯಲಿಕ್ಕೆ.

ಇಂಥ ಕಟ್ಟಡದ ನಿಜವಾದ ಶತ್ರು ಮಳೆ. ಮಡಿಕೇರಿಗೆ ವರ್ಷಕ್ಕೆ 3,000 ಮಿ.ಮೀ.ಗೂ ಮೇಲೆ ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಸುಣ್ಣದ ಗಾರೆ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಉಸಿರಾಡಿ ಒಣಗುತ್ತದೆ. ಅದರ ಆರೋಗ್ಯದ ಗುಟ್ಟೇ ಅದು. ಅದರ ಮೇಲೆ ಹೊಳೆಯುವ ಪ್ಲಾಸ್ಟಿಕ್ ಬಣ್ಣ ಬಳಿದರೆ ಒಳಗಿನ ನೀರಿಗೆ ಹೊರಬರಲು ದಾರಿಯಿರುವುದಿಲ್ಲ. ಒಂದೆರಡು ಮಳೆಗಾಲದಲ್ಲಿ ಬಣ್ಣ ಹಪ್ಪಳದಂತೆ ಉಬ್ಬುತ್ತದೆ, ಒಡೆದ ಜಾಗದಲ್ಲಿ ಪಾಚಿ ಕೂರುತ್ತದೆ. ಪಾಚಿ ಕಂಡವರು ಅದರ ಮೇಲೆ ಇನ್ನೊಂದು ಪದರ ಬಣ್ಣ ಹೊಡೆಯುತ್ತಾರೆ. ಹಳೆಯ ಗೋಡೆಗೆ ಸುಣ್ಣವೇ ಮದ್ದು, ಮಳೆಗಾಲ ಕಳೆದ ಮೇಲೆ ಪ್ರತಿ ವರ್ಷ. ಇದು ಅಜ್ಜಂದಿರಿಗೆ ಗೊತ್ತಿತ್ತು, ಟೆಂಡರಿಗೆ ಗೊತ್ತಿರುವುದಿಲ್ಲ.

ಇನ್ನು ನೋಡುವ ವಿಷಯ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ರಾಜಾಸೀಟ್ ಊರಿನ ಪಡುವಣ ಅಂಚಿನಲ್ಲಿದೆ. ಇಷ್ಟು ಎತ್ತರದಿಂದ ಅಡ್ಡಿಯಿಲ್ಲದೆ ನೋಡಿದರೆ ದಿಗಂತ 120 ಕಿ.ಮೀ. ದೂರದಲ್ಲಿರಬೇಕು. ಅರಬ್ಬೀ ಸಮುದ್ರ ಹಕ್ಕಿಯ ದಾರಿಯಲ್ಲಿ 80 ಕಿ.ಮೀ. ಆಸುಪಾಸು. ಅಂದರೆ ಲೆಕ್ಕದ ಪ್ರಕಾರ ಕಡಲು ಕಾಣಬೇಕು! ಕಾಣುವುದಿಲ್ಲ. ನಡುವೆ ಬೆಟ್ಟದ ಮೇಲೆ ಬೆಟ್ಟ ಎದ್ದಿದೆ, ಅದರಾಚೆ ಕರಾವಳಿಯ ತೇವದ ಮಬ್ಬಿದೆ. ಆದರೂ ಸಂಜೆ ಕೊನೆಯ ಬೆಟ್ಟಸಾಲಿನ ಹಿಂದೆ ಒಂದು ತೆಳ್ಳನೆಯ ಹೊಳಪು ಕಂಡಾಗ, ‘ಅದೇ ಸಮುದ್ರ’ ಎಂದು ಬೆರಳು ತೋರಿಸುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ವಾದಿಸಬಾರದು. ಅವರು ತೋರಿಸುವ ದಿಕ್ಕಂತೂ ಸರಿಯೇ.

ಬೆಟ್ಟಗಳನ್ನು ಎಣಿಸಲು ಒಂದು ಸುಲಭ ಹೊತ್ತಿದೆ. ಮಧ್ಯಾಹ್ನ ಎಲ್ಲವೂ ಒಂದೇ ಹಸಿರು ಕಂಬಳಿ. ಸಂಜೆ ಐದರ ನಂತರ ಬಿಸಿಲು ಎದುರಿನಿಂದ ಬೀಳತೊಡಗಿದಾಗ ಪ್ರತಿಯೊಂದು ಸಾಲೂ ಬೇರೆಯಾಗುತ್ತದೆ: ಹತ್ತಿರದ್ದು ಕಪ್ಪು ಹಸಿರು, ಅದರ ಹಿಂದಿನದು ನೀಲಿ, ಅದರ ಹಿಂದಿನದು ಬೂದಿ, ಕೊನೆಯದು ಆಕಾಶಕ್ಕಿಂತ ಕೂದಲೆಳೆಯಷ್ಟು ಗಾಢ. ದೂರ ಹೆಚ್ಚಿದಷ್ಟೂ ನಡುವಿನ ಗಾಳಿ ಹೆಚ್ಚು. ಗಾಳಿ ಚದುರಿಸಿದ ಬೆಳಕು ಬೆಟ್ಟದ ಬಣ್ಣವನ್ನು ತೊಳೆದುಬಿಡುತ್ತದೆ. ಮಳೆ ನಿಂತ ಮೊದಲ ಒಂದು ಗಂಟೆಯಲ್ಲಿ ಧೂಳೆಲ್ಲ ಇಳಿದು ಸಾಲುಗಳು ಹತ್ತಿರ ಬಂದಂತೆ ಕಾಣುತ್ತವೆ. ಅಕ್ಟೋಬರ್, ನವೆಂಬರಿನಲ್ಲಿ ಇಂಥ ಸಂಜೆ ಹೆಚ್ಚು. ಮಾರ್ಚ್, ಏಪ್ರಿಲಿನಲ್ಲಿ ಒಣಮಬ್ಬು ಮುಸುಕಿ ಎರಡು ಸಾಲು ಕಂಡರೆ ಪುಣ್ಯ.

ಸೂರ್ಯ ಎಲ್ಲಿ ಮುಳುಗುತ್ತಾನೆ? ಪಶ್ಚಿಮದಲ್ಲಿ ಎನ್ನುವುದು ಪಠ್ಯಪುಸ್ತಕದ ಉತ್ತರ. ನೇರ ಪಶ್ಚಿಮದಲ್ಲಿ ಮುಳುಗುವುದು ವರ್ಷಕ್ಕೆ ಎರಡು ದಿನ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ. ಮಡಿಕೇರಿಯ ಅಕ್ಷಾಂಶದಲ್ಲಿ ಡಿಸೆಂಬರಿಗೆ ಅವನು 24 ಡಿಗ್ರಿ ಎಡಕ್ಕೆ ಸರಿದಿರುತ್ತಾನೆ, ಜೂನಿಗೆ 24 ಡಿಗ್ರಿ ಬಲಕ್ಕೆ. ಕೈ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ಅಂದರೆ ವರ್ಷದ ಎಲ್ಲ ಸೂರ್ಯಾಸ್ತಗಳೂ ಐದು ಮುಷ್ಟಿ ಅಗಲದೊಳಗೆ ಮುಗಿಯುತ್ತವೆ. ಬಲತುದಿಯ ಎರಡು ಮುಷ್ಟಿ ಬಹುಮಟ್ಟಿಗೆ ಮಳೆಗಾಲದ ಪಾಲು. ಅದನ್ನು ನೋಡಿದವರು ಕಡಿಮೆ. ಮುಳುಗಲು ಎಷ್ಟು ಹೊತ್ತಿದೆ ಎಂದು ತಿಳಿಯಲೂ ಕೈಯೇ ಸಾಕು. ನೀಡಿದ ಕೈಯ ಬೆರಳುಗಳನ್ನು ಅಡ್ಡಲಾಗಿ ಹಿಡಿದು, ಸೂರ್ಯನಿಗೂ ಬೆಟ್ಟದ ನೆತ್ತಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತದೆ ಎಂದು ಎಣಿಸಿ. ಬೆರಳಿಗೆ ಎಂಟು ನಿಮಿಷ. ನಾಲ್ಕು ಬೆರಳಿದ್ದರೆ ಅರ್ಧ ಗಂಟೆ. ಕಾಫಿ ಕುಡಿದು ಬರಬಹುದು. ಬೆರಳನ್ನು ಕ್ಷಿತಿಜದಿಂದಲ್ಲ, ಬೆಟ್ಟದ ನೆತ್ತಿಯಿಂದಲೇ ಎಣಿಸಬೇಕು. ಪಂಚಾಂಗದ ಸೂರ್ಯಾಸ್ತ ನೋಡಿಕೊಂಡು ಸರಿಯಾದ ಸಮಯಕ್ಕೆ ಓಡಿ ಬರುವವರು ತಪ್ಪುವುದು ಇಲ್ಲೇ. ಪಂಚಾಂಗಕ್ಕೆ ಬೆಟ್ಟ ಗೊತ್ತಿಲ್ಲ. ಸೂರ್ಯ ಅದಕ್ಕೂ ಮುಂಚೆ ಮರೆಯಾಗಿರುತ್ತಾನೆ.

ಆದರೆ ರಾಜಾಸೀಟಿನ ನಿಜವಾದ ಯಜಮಾನ ಸೂರ್ಯನಲ್ಲ, ಮಂಜು. ಊರೂರು ದಾಟಿ ಬಂದು, ಟಿಕೆಟ್ ಕೊಂಡು, ಕಂಬಿಯ ಬಳಿ ನಿಂತರೆ ಎದುರಿಗೆ ಬಿಳಿ ಗೋಡೆ. ‘ಏನೂ ಕಾಣಿಸ್ತಿಲ್ಲವಲ್ಲ’ ಎಂಬ ಮಾತು ಇಲ್ಲಿ ಕೇಳುವಷ್ಟು ಇನ್ನೆಲ್ಲೂ ಕೇಳುವುದಿಲ್ಲ. ಮಂಜಿನಲ್ಲಿ ಎರಡು ಜಾತಿ. ಮಳೆಗಾಲದ್ದು ಮಂಜೇ ಅಲ್ಲ, ಮೋಡ. ಕಡಲಿನಿಂದ ಬಂದ ತೇವದ ಗಾಳಿ ಸಂಪಾಜೆಯ ತಗ್ಗಿನಿಂದ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಮೇಲಕ್ಕೆ ಹತ್ತಬೇಕು. ನೂರು ಮೀಟರ್ ಹತ್ತಿದಂತೆ ಸುಮಾರು ಒಂದು ಡಿಗ್ರಿ ತಣ್ಣಗಾಗುತ್ತದೆ, ಅರ್ಧ ದಾರಿಯಲ್ಲೇ ಹೊತ್ತುಕೊಂಡ ನೀರನ್ನು ಹನಿಯಾಗಿ ಬಿಡುತ್ತದೆ. ಇದಕ್ಕೆ ಕಾದು ಪ್ರಯೋಜನವಿಲ್ಲ, ಗಾಳಿ ಬೀಸುವಷ್ಟು ದಿನ ಅದು ಬರುತ್ತಲೇ ಇರುತ್ತದೆ. ಆದರೆ ಒಂದೊಂದು ಸಲ ಗಾಳಿ ಮಗ್ಗುಲು ಬದಲಿಸಿದಾಗ ಗೋಡೆಯಲ್ಲಿ ಕಿಟಕಿ ತೆರೆದಂತಾಗಿ, ಕೆಳಗಿನ ಒಂದು ತುಂಡು ಗದ್ದೆ ಹೊಳೆದು, ಯಾರಾದರೂ ಮೊಬೈಲ್ ತೆಗೆಯುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ.

ಎರಡನೆಯ ಜಾತಿ ಚಳಿಗಾಲದ ಬೆಳಗಿನದು. ನಿಚ್ಚಳ ರಾತ್ರಿ ಬೆಟ್ಟದ ಮೈ ತಣಿದು, ತಣ್ಣನೆಯ ಗಾಳಿ ಭಾರವಾಗಿ ನೀರಿನಂತೆ ಇಳಿಜಾರಿನಲ್ಲಿ ಹರಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಬೆಳಗ್ಗೆ ಏಳರ ಹೊತ್ತಿಗೆ ಮೇಲೆ ಆಕಾಶ ಸ್ವಚ್ಛ, ಕೆಳಗೆ ಹಾಲು ತುಂಬಿದ ಬೋಗುಣಿ, ನಡುನಡುವೆ ಬೆಟ್ಟದ ನೆತ್ತಿಗಳು ದ್ವೀಪ. ಸೂರ್ಯ ಆಗ ಬೆನ್ನ ಹಿಂದಿರುವುದರಿಂದ ಬೆಳಕೂ ಅನುಕೂಲ. ಇಲ್ಲೊಂದು ತಮಾಷೆ ನಡೆಯುತ್ತದೆ. ಬಿಸಿಲೇರಿದಂತೆ ಕೆಳಗಿನ ಮಂಜು ಅಲ್ಲೇ ಕರಗುವುದಿಲ್ಲ, ಮೊದಲು ಮೇಲಕ್ಕೆ ಏಳುತ್ತದೆ. ಎಂಟು, ಎಂಟೂವರೆಗೆ, ಹೋಟೆಲಿನಲ್ಲಿ ನಿಧಾನವಾಗಿ ತಿಂಡಿ ಮುಗಿಸಿದವರು ಬಂದು ನಿಲ್ಲುವ ಹೊತ್ತಿಗೆ ಸರಿಯಾಗಿ, ಅದು ಸೀಟಿನ ಮಟ್ಟಕ್ಕೆ ಬಂದು ಎಲ್ಲರನ್ನೂ ನುಂಗುತ್ತದೆ. ಆಗ ಹಿಂದಿರುಗುವವರು ಆತುರಗಾರರು. ಬೆಂಚಿನ ಮೇಲೆ ಇನ್ನೊಂದು ಅರ್ಧ ಗಂಟೆ ಕೂತವರಿಗೆ ಮಂಜು ತಲೆಯ ಮೇಲೆ ಹಾದುಹೋಗಿ ಕಣಿವೆ ತೆರೆದುಕೊಳ್ಳುವ ಸಾಧ್ಯತೆ ಹೆಚ್ಚು. ಇದರ ಹೆಸರಿನಲ್ಲಿ ಸೀಟು ಇರುವುದು ಬಹುಶಃ ಇದಕ್ಕೇ.

ಮಂಜು ಸರಿದಾಗ ಕಾಣುವುದೇನು? ಕೊಡಗು ಎಂದರೆ ಕಾಫಿ ಎಂದು ನಂಬಿ ಬಂದವರಿಗೆ ಮೇಲಿನಿಂದ ಒಂದು ಕಾಫಿ ಗಿಡವೂ ಕಾಣುವುದಿಲ್ಲ. ಕಾಫಿ ಇಲ್ಲಿ ನೆರಳಿನ ಬೆಳೆ. ಕಣ್ಣಿಗೆ ಬೀಳುವುದೆಲ್ಲ ನೆರಳಿನ ಮರಗಳ ತಲೆ. ಗಾಳಿ ಬೀಸಿದಾಗ ಕೆಲವು ತಲೆಗಳು ಥಟ್ಟನೆ ಬೆಳ್ಳಗಾಗುತ್ತವೆ. ಅವು ಸಿಲ್ವರ್ ಓಕ್, ಎಲೆಯ ಅಡಿಭಾಗ ಬೆಳ್ಳಿ ಬಣ್ಣದ್ದು. ಕಾಫಿ ತನ್ನ ಇರುವಿಕೆ ತೋರಿಸುವುದು ಮೂಗಿಗೆ, ಅದೂ ವರ್ಷದಲ್ಲಿ ಕೆಲವೇ ದಿನ: ಬೇಸಿಗೆಯ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಒಟ್ಟಿಗೆ ಅರಳಿದಾಗ, ಮಲ್ಲಿಗೆಯಂಥ ವಾಸನೆ. ಕಣಿವೆಯ ಕ್ಯಾಲೆಂಡರ್ ಬೇಕಿದ್ದರೆ ಗದ್ದೆ ನೋಡಬೇಕು. ಜುಲೈ, ಆಗಸ್ಟಿನಲ್ಲಿ ನಾಟಿ, ಕನ್ನಡಿಯಂಥ ನೀರಿನಲ್ಲಿ ಹಸಿರು ಚುಕ್ಕಿ. ನಾಟಿ ಮುಗಿದ ಮೇಲೆ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಎಡೆಯಿಲ್ಲದ ಹಸಿರು. ನವೆಂಬರ್, ಡಿಸೆಂಬರಿನ ಹುತ್ತರಿ ಸುಗ್ಗಿಹಬ್ಬಕ್ಕೆ ಬಂಗಾರ. ಆಮೇಲೆ ಮುಂದಿನ ಮಳೆಯವರೆಗೆ ಕೂಳೆಯ ಕಂದು. ಕೊಡಗಿನಲ್ಲಿ ಪಾಳು ಬಿದ್ದ ಗದ್ದೆಗಳು ಈಗ ಹೆಚ್ಚು. ಬಣ್ಣ ಬದಲಿಸದ ತುಂಡುಗಳನ್ನು ನೋಡಿ ಮೇಲಿನಿಂದಲೇ ಲೆಕ್ಕ ಹಾಕಬಹುದು.

ಗದ್ದೆ ಕಾಡುಗಳ ನಡುವೆ ಹಾವಿನಂತೆ ಇಳಿಯುವುದು ಮಂಗಳೂರು ರಸ್ತೆ. ಮದೆನಾಡು, ಜೋಡುಪಾಲ, ಸಂಪಾಜೆ, ಸುಳ್ಯ. 2018ರ ಆಗಸ್ಟಿನಲ್ಲಿ ಈ ದಾರಿಯುದ್ದಕ್ಕೂ ಗುಡ್ಡಗಳು ಜಾರಿ ರಸ್ತೆಯೇ ಕಡಿದುಹೋಗಿತ್ತು. ಎಡೆಬಿಡದ ಮಳೆಗೆ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಕಣಗಳ ಹಿಡಿತ ಸಡಿಲಾಗುತ್ತದೆ. ಗುಡ್ಡದ ಬುಡವನ್ನು ರಸ್ತೆಗೋ ಮನೆಗೋ ನೆಟ್ಟಗೆ ಕತ್ತರಿಸಿದ್ದರೆ ಆತುಕೊಳ್ಳಲು ಏನೂ ಇರುವುದಿಲ್ಲ. ಇಳಿಜಾರಿನ ಸೌಂದರ್ಯ ಸವಿಯುವವರು ಇಳಿಜಾರು ನಿಂತಿರುವುದು ಬುಡದ ದಯೆಯಿಂದ ಎಂಬುದನ್ನು ಮರೆಯುತ್ತಾರೆ, ಬುಡದಲ್ಲೇ ರೆಸಾರ್ಟ್ ಕಟ್ಟುತ್ತಾರೆ.

ಇದೇ ಕಣಿವೆಯ ಕೆಳಗೆ 1837ರಲ್ಲಿ ಇನ್ನೊಂದು ಜಾರುವಿಕೆ ನಡೆಯಿತು, ಆಗ ಜಾರಿದ್ದು ಕಂಪನಿಯ ಹಿಡಿತ. ಅರಸ ಹೋದ ಮೂರನೆಯ ವರ್ಷಕ್ಕೆ ಅಮರ ಸುಳ್ಯದ ರೈತರು ಎದ್ದರು. ಕೆದಂಬಾಡಿ ರಾಮಯ್ಯಗೌಡರಂಥವರ ಮುಂದಾಳತ್ವದಲ್ಲಿ ಪಡೆ ಮಂಗಳೂರಿನವರೆಗೆ ನಡೆದು, ಏಪ್ರಿಲ್ 5ರಂದು ಅಲ್ಲಿನ ಗುಡ್ಡದ ಮೇಲೆ ಬಾವುಟ ಹಾರಿಸಿತು. ಎರಡು ವಾರ ತುಂಬುವುದರೊಳಗೆ ಕಂಪನಿ ಮಂಗಳೂರನ್ನು ಮರಳಿ ಹಿಡಿಯಿತು. ದಂಗೆಯ ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದರು. ಮಂಗಳೂರಿನ ಆ ಗುಡ್ಡ ಇಂದಿಗೂ ಬಾವುಟಗುಡ್ಡ. ಅಲ್ಲೂ ಒಂದು ಪಾರ್ಕಿದೆ, ಅಲ್ಲೂ ಸಂಜೆ ಜನ ಸೂರ್ಯಾಸ್ತ ನೋಡಲು ಬರುತ್ತಾರೆ, ಅಲ್ಲಿ ಕಡಲು ಅನುಮಾನವಿಲ್ಲದೆ ಕಾಣುತ್ತದೆ. ಒಂದೇ ರಸ್ತೆಯ ಎರಡು ತುದಿಗೆ ಎರಡು ಗುಡ್ಡ, ಎರಡು ಪಾರ್ಕು. ಒಂದಕ್ಕೆ ಕೂತವರ ಹೆಸರು, ಇನ್ನೊಂದಕ್ಕೆ ಎದ್ದವರ ಹೆಸರು.

ಪಾರ್ಕಿನ ಹೂಗಳ ಬಗ್ಗೆಯೂ ಎರಡು ಮಾತು ಬೇಕು, ಏಕೆಂದರೆ ಹೂ ನೋಡುವವರಿಗೆ ಅದರ ಹಿಂದಿನ ಜಗಳ ಗೊತ್ತಿರುವುದಿಲ್ಲ. ಜನವರಿಯ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಅರಳಬೇಕಾದ ಪಿಟೂನಿಯಾ, ಸಾಲ್ವಿಯಾಗಳನ್ನು ಹತ್ತು ಹನ್ನೆರಡು ವಾರ ಮುಂಚೆ, ಅಂದರೆ ಅಕ್ಟೋಬರಿನಲ್ಲೇ ಬಿತ್ತಬೇಕು. ಅಕ್ಟೋಬರಿಗೆ ಮಳೆ ಪೂರ್ತಿ ಹೋಗಿರುವುದಿಲ್ಲ. ಸಮತಟ್ಟು ಮಡಿಯಲ್ಲಿ ನೀರು ನಿಂತರೆ ಎಳೆ ಸಸಿ ಬುಡದಲ್ಲೇ ಕೊಳೆತು ಒಂದೇ ರಾತ್ರಿಯಲ್ಲಿ ಅಡ್ಡ ಬೀಳುತ್ತದೆ. ಅದಕ್ಕೇ ಗೇಣೆತ್ತರದ ಏರುಮಡಿ, ಅದಕ್ಕೇ ಸಸಿಗಳ ಮೇಲೆ ಮರೆ. ಚೆಂಡುಹೂ ಆರೆಂಟು ವಾರಕ್ಕೆ ಬರುವುದರಿಂದ ಅದನ್ನು ತಡವಾಗಿ ಬಿತ್ತಿ ಉಳಿದವುಗಳಿಗೆ ಹೊಂದಿಸುತ್ತಾರೆ. ಇನ್ನು ಕೊಡಗಿನ ಮನೆಯಂಗಳಗಳಲ್ಲೂ ಕಾಣುವ ಹೈಡ್ರಾಂಜಿಯ. ಮಳೆ ಮಣ್ಣಿನ ಸುಣ್ಣವನ್ನು ತೊಳೆದು ಹುಳಿ ಮಾಡಿರುವ ಕಡೆ ಅದರ ಹೂ ನೀಲಿ. ಗೋಡೆಯ ಗಾರೆ, ಸಿಮೆಂಟಿನ ಸುಣ್ಣ ಬುಡಕ್ಕೆ ಇಳಿಯುವ ಕಡೆ ಅದೇ ಗಿಡ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹೊಸ ಗೋಡೆ ಕಟ್ಟಿದ ಮೇಲೆ ನೀಲಿ ಹೂ ಕೆಂಪಾಯಿತೆಂದು ನರ್ಸರಿಯವರನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಪಾರ್ಕಿನ ಪಕ್ಕದಲ್ಲೇ ಕುಂದುರುಮೊಟ್ಟೆ ಚೌಟಿ ಮಾರಿಯಮ್ಮನ ಗುಡಿ. ಮಡಿಕೇರಿ ದಸರೆಯಲ್ಲಿ ಕರಗ ಹೊರಡಿಸುವ ನಾಲ್ಕು ಮಾರಿಯಮ್ಮ, ಕಾಮಾಕ್ಷಿ ಗುಡಿಗಳಲ್ಲಿ ಇದೂ ಒಂದು. ವರ್ಷದ ಉಳಿದ ದಿನ ಪ್ರವಾಸಿಗರು ಅದನ್ನು ದಾಟಿ ಪುಟಾಣಿ ರೈಲಿನ ಕಡೆ ನಡೆಯುತ್ತಿದ್ದರು. ಇಡೀ ಕೊಡಗು ಜಿಲ್ಲೆಗೆ ರೈಲು ಬಂದಿಲ್ಲ. ಮಡಿಕೇರಿಯ ನೆಲ ಹಳಿ ಎಂಬುದನ್ನು ಕಂಡಿದ್ದರೆ ಈ ಮಕ್ಕಳ ರೈಲಿಗಾಗಿ ಮಾತ್ರ. ಅದು ಹೊರಟಲ್ಲಿಗೇ ಮರಳಿ ಬರುತ್ತಿದ್ದ ರೈಲು. ಅದರಲ್ಲೂ ಕಿಟಕಿ ಬದಿಯ ಸೀಟಿಗೆ ಜಗಳ ನಡೆಯುತ್ತಿತ್ತು.

ಸೂರ್ಯ ಬೆಟ್ಟದ ಹಿಂದೆ ಸರಿದದ್ದೇ ತಡ, ಸಿನಿಮಾ ಬಿಟ್ಟಂತೆ ಜನ ಏಳುತ್ತಾರೆ. ಏಳಬಾರದ ಹೊತ್ತು ಅದು. ಆಕಾಶಕ್ಕೆ ಬಣ್ಣ ಏರುವುದು ಮುಳುಗಿದ ಹತ್ತರಿಂದ ಇಪ್ಪತ್ತು ನಿಮಿಷದ ಒಳಗೆ, ಕೆಳಗಿನ ಬೆಳಕು ಎತ್ತರದ ಮೋಡದ ಅಡಿಗೆ ತಾಗಿದಾಗ. ಆಗ ಒಮ್ಮೆ ಹಿಂದಕ್ಕೆ ತಿರುಗಿ ಊರಿನ ಕಡೆಯೂ ನೋಡಬೇಕು. ಮರಗಳ ಸಂದಿಯಲ್ಲಿ, ಪೂರ್ವದ ಆಕಾಶದ ಬುಡದಲ್ಲಿ ಬೂದುನೀಲಿ ಪಟ್ಟಿಯೊಂದು ಮೇಲೇರುತ್ತಿರುತ್ತದೆ, ಅದರ ಮೇಲೊಂದು ಮಾಸಲು ಗುಲಾಬಿ ಅಂಚು. ಅದು ಭೂಮಿಯದೇ ನೆರಳು. ಅಷ್ಟು ಹೊತ್ತಿಗೆ ಕಾವಲುಗಾರ ಸೀಟಿ ಊದುತ್ತಾನೆ. ಸೀಟಿ ಕೇಳಿ ಸೀಟು ಖಾಲಿ. ಕೆಳಗೆ ಮಂಗಳೂರು ರಸ್ತೆಯಲ್ಲಿ ಒಂದು ಲಾರಿ ದೀಪ ಹಾಕಿಕೊಂಡು ಮೇಲೆ ಬರುತ್ತಿದೆ: ತಿರುವಿನಲ್ಲಿ ಕಾಣುತ್ತದೆ, ಮರೆಯಾಗುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೂ ಮೇಲಿನ ತಿರುವಿನಲ್ಲಿ ಮತ್ತೆ ಕಾಣುತ್ತದೆ.